ಅವ್ವ-ಮಗಳ ಪೇಟೆ ದಿನ: ಹುಬ್ಬಳ್ಳಿ-ಧಾರವಾಡಕ್ಕೆ ಹೊರಟವರು ಪದೇ ಪದೇ ಕೇಳುವ ಪ್ರಶ್ನೆಗಳು

ತಾಯಿ-ಮಗಳು ಇಬ್ಬರೇ ಒಂದು ದಿನ ಪೇಟೆಗೆ ಹೋಗಿ, ಉಂಡು, ತಿರುಗಾಡಿ, ಮನಸ್ಸಿಗೆ ಬಂದದ್ದೊಂದನ್ನು ಕೊಂಡು ಸಂಜೆ ಮನೆ ಸೇರಬೇಕು. ಅಷ್ಟಕ್ಕೇ ಎಷ್ಟು ಪ್ರಶ್ನೆಗಳಿರುತ್ತವೆ! ಮಾತಿನ ನಡುವೆ, ಪತ್ರಗಳಲ್ಲಿ, ಟಿಪ್ಪಣಿಗಳಲ್ಲಿ ಮತ್ತೆ ಮತ್ತೆ ಬಂದವನ್ನು ಕೇಳಿದವರ ಮಾತಿನಲ್ಲೇ ಇಟ್ಟು ಉತ್ತರಿಸಿದ್ದೇವೆ.

ಹೊರಡುವ ಮುಂಚೆ

ಒಂದ ದಿನದಾಗ ಹುಬ್ಬಳ್ಳಿ, ಧಾರವಾಡ ಎರಡೂ ಆಗ್ತಾವೇನ್ರಿ?

ಹೋಗಿ ಬರಲು ಆಗುತ್ತದೆ, ಆದರೆ ಬೇಡ. ಎರಡೂ ಊರಿನ ನಡುವೆ ಸುಮಾರು 20 ಕಿ.ಮೀ. ಬಸ್ಸಿನಲ್ಲಿ ಕೂತ ಹೊತ್ತು ಮುಕ್ಕಾಲು ತಾಸಿನಿಂದ ಒಂದು ತಾಸು. ರಸ್ತೆ ದಾಟುವುದು, ಟಿಕೆಟ್ ತೆಗೆಸುವುದು, ಕಾಯುವುದು ಸೇರಿದರೆ ಹೋಗಿ ಬರುವುದಕ್ಕೇ ಎರಡೂವರೆ ತಾಸು ಕರಗುತ್ತದೆ. ಹಳ್ಳಿಯಿಂದ ಬೆಳಿಗ್ಗೆ ಒಂಬತ್ತಕ್ಕೆ ಬಂದು ಸಂಜೆ ಆರಕ್ಕೆ ಮರಳುವವರಿಗೆ ಇದು ದಿನದ ಕಾಲು ಪಾಲಿಗಿಂತ ಹೆಚ್ಚು.

ಒಂದು ಊರು, ಎರಡು ಜಾಗ, ಒಂದು ಕೂತು ಉಣ್ಣುವ ಊಟ. ಇಷ್ಟೇ ಲೆಕ್ಕ ಇಟ್ಟುಕೊಳ್ಳಿ. ಸೀರೆ, ಬಟ್ಟೆ, ಸಂಜೆಯ ತಿಂಡಿ ಬೇಕಿದ್ದರೆ ಹುಬ್ಬಳ್ಳಿ. ಮರದ ನೆರಳು, ಕೆರೆ, ಪುಸ್ತಕ, ಪೇಡೆ ಬೇಕಿದ್ದರೆ ಧಾರವಾಡ. ಎರಡರ ನಡುವೆ ಮನಸ್ಸು ತೂಗಾಡುತ್ತಿದ್ದರೆ ಉಣಕಲ್ಲಿನಲ್ಲಿ ಇಳಿಯಿರಿ. ಕೆರೆಯ ದಂಡೆ, ಅಲ್ಲಿಂದ ಸ್ವಲ್ಪ ಒಳಗೆ ಚಾಲುಕ್ಯರ ಕಾಲದ ಚಂದ್ರಮೌಳೇಶ್ವರ ಗುಡಿ. ನಾಲ್ಕು ದಿಕ್ಕಿಗೂ ಬಾಗಿಲಿರುವ ಈ ಗುಡಿಯಲ್ಲಿ ಬೆಳಗಿನ ಹೊತ್ತು ಗದ್ದಲವಿರುವುದಿಲ್ಲ.

ಶಕ್ತಿ ಯೋಜನೆ ಐತಲ್ಲ, ಚಿಗರಿ ಬಸ್ಸಿಗೂ ರೊಕ್ಕ ಕೊಡಬೇಕಾ?

ಹೌದು, ಕೊಡಬೇಕು. 2023ರ ಜೂನ್‌ನಲ್ಲಿ ಶುರುವಾದ ಶಕ್ತಿ ಯೋಜನೆ ರಾಜ್ಯದೊಳಗಿನ ಸಾಮಾನ್ಯ, ನಗರ ಸಾರಿಗೆ ಮತ್ತು ವೇಗದೂತ ಬಸ್ಸುಗಳಿಗೆ ಅನ್ವಯಿಸುತ್ತದೆ. ಎಸಿ ಬಸ್ಸಿಗೆ ಇಲ್ಲ, ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಚಿಗರಿ ಎಸಿ ಬಸ್ಸು. ಊರಿನಿಂದ ಹುಬ್ಬಳ್ಳಿವರೆಗೆ ಕೆಂಪು ಬಸ್ಸಿನಲ್ಲಿ ಬರುವಾಗ ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ಇಬ್ಬರ ಹತ್ತಿರವೂ ಇರಲಿ. ಶೂನ್ಯ ಟಿಕೆಟ್ ಕೇಳಿ ಪಡೆದು ಇಳಿಯುವ ತನಕ ಇಟ್ಟುಕೊಳ್ಳಿ. ಪುಕ್ಕಟೆ ಎಂದು ಟಿಕೆಟ್ಟೇ ತೆಗೆಸದೆ ಕೂತವರು ತಪಾಸಣೆಯಲ್ಲಿ ಸಿಕ್ಕಿಬೀಳುತ್ತಾರೆ.

ಚಿಗರಿಗೆ ಮೊದಲ ಸಲ ಹೋಗುವವರು ಎಡವುವುದು ಒಂದೇ ಕಡೆ: ಕಂಡಕ್ಟರ್‌ಗಾಗಿ ಹುಡುಕುತ್ತಾರೆ. ಬಸ್ಸಿನೊಳಗೆ ಟಿಕೆಟ್ ಕೊಡುವುದಿಲ್ಲ. ರಸ್ತೆಯ ನಡುವಿನ ನಿಲ್ದಾಣದಲ್ಲೇ ಕೌಂಟರಿನಲ್ಲಿ ತೆಗೆಸಿ ಒಳಗೆ ಹೋಗಬೇಕು. ಎಲ್ಲ ನಿಲ್ದಾಣದಲ್ಲೂ ನಿಲ್ಲುವ ಬಸ್ಸು, ಕೆಲವೇ ಕಡೆ ನಿಲ್ಲುವ ಬಸ್ಸು ಎಂದು ಎರಡು ಬಗೆ ಇವೆ. ನಿಮ್ಮ ನಿಲ್ದಾಣದ ಹೆಸರು ಹೇಳಿ ಕೌಂಟರಿನಲ್ಲೇ ಬಸ್ಸಿನ ನಂಬರು ಕೇಳಿಕೊಳ್ಳಿ.

ಹೆಂಗೂ ಹೊಂಟೇವಿ, ಸಂತಿ ಸಾಮಾನೂ ತಂದ್ರ ಇನ್ನೊಂದ ಸಲ ಬರೂದು ಉಳಿತೈತಲ್ಲ?

ಉಳಿಯುತ್ತದೆ, ಆದರೆ ದಿನ ಹೋಗುತ್ತದೆ. ಈ ಪ್ರಶ್ನೆಗೆ ನಮ್ಮ ಉತ್ತರ ಯಾವಾಗಲೂ ಒಂದೇ: ಸಂತೆ ಚೀಲ ಮನೆಯಲ್ಲೇ ಇರಲಿ. ಚೀಲ ಬಂತೆಂದರೆ ಐದು ಕಿಲೋ ಬೆಲ್ಲ, ತಮ್ಮನ ಶಾಲೆಯ ಶೂ, ಅಪ್ಪನ ಗುಳಿಗೆ, ಮಿಕ್ಸರ್ ರಿಪೇರಿ ಎಲ್ಲ ಬರುತ್ತವೆ. ಮಧ್ಯಾಹ್ನದ ಹೊತ್ತಿಗೆ ಅವ್ವನ ಎರಡೂ ಕೈ ತುಂಬಿರುತ್ತವೆ. ಆಮೇಲೆ ಸೀರೆ ಅಂಗಡಿ ಮುಂದೆ ನಿಂತು ಆಕೆ ಹೇಳುವುದು ಒಂದೇ ಮಾತು: "ನನಗೇನೂ ಬ್ಯಾಡ, ನಡಿ." ಬೇಡವೆಂದು ಹೇಳುವುದು ಆಸೆಯಿಲ್ಲದ್ದಕ್ಕಲ್ಲ, ಭಾರಕ್ಕೆ.

ಬಿಡಲಾಗದ ಕೆಲಸವಿದ್ದರೆ ಒಂದೇ ಇರಲಿ, ಬಸ್ ಹತ್ತುವ ಮುಂಚಿನ ಕೊನೆಯ ಕೆಲಸವಾಗಿರಲಿ, ಒಂದು ಕೈಯಲ್ಲಿ ಹಿಡಿಯುವಷ್ಟಿರಲಿ.

ಕೈಯಾಗ ಎಷ್ಟ ರೊಕ್ಕ ಇಟ್ಕೋಬೇಕು?

ಎಷ್ಟು ಎನ್ನುವುದಕ್ಕಿಂತ ಹೇಗೆ ಹಂಚಬೇಕು ಎನ್ನುವುದು ಮುಖ್ಯ. ಮನೆಯಲ್ಲೇ ಮೂರು ಭಾಗ ಮಾಡಿ: ಓಡಾಟ-ಊಟದ್ದು, ಮಗಳದ್ದು, ಅವ್ವನದ್ದು. ಅವ್ವನ ಭಾಗವನ್ನು ಬೇರೆ ಪಾಕೀಟಿನಲ್ಲಿ ಹಾಕಿ ಮಗಳ ಕೈಗೆ ಕೊಡಿ, ಮಗಳ ಭಾಗ ಅವ್ವನ ಹತ್ತಿರ ಇರಲಿ. ಒಬ್ಬರ ರೊಕ್ಕ ಇನ್ನೊಬ್ಬರಿಗೆ ಖರ್ಚಾಗಿಬಿಡುವುದನ್ನು ಇದು ತಡೆಯುತ್ತದೆ. ಆಟೋ, ಟಂಟಂ, ಹೂವಿನವರಿಗಾಗಿ ಹತ್ತು, ಇಪ್ಪತ್ತು, ಐವತ್ತರ ನೋಟು ಬೇರೆ ಇಟ್ಟುಕೊಳ್ಳಿ. ಫೋನ್‌ಪೇ ಎಲ್ಲ ಕಡೆ ನಡೆಯುತ್ತದೆ ನಿಜ, ಆದರೆ ಸಂಜೆಯ ಗದ್ದಲದಲ್ಲಿ ನೆಟ್‌ವರ್ಕ್ ಕೈಕೊಟ್ಟರೆ ನಗದೇ ಗತಿ.

ಪ್ಯಾಟ್ಯಾಗ ಬಾತ್‌ರೂಮಿಗೆ ಎಲ್ಲಿ ಹೋಗೂದ್ರಿ? ಇದನ್ನ ಯಾರೂ ಹೇಳೂದಿಲ್ಲ.

ಎಷ್ಟೋ ಹೆಣ್ಣುಮಕ್ಕಳು ಪೇಟೆಗೆ ಹೊರಟ ದಿನ ಬೆಳಿಗ್ಗೆಯಿಂದ ನೀರೇ ಕುಡಿಯುವುದಿಲ್ಲ. ಮಧ್ಯಾಹ್ನಕ್ಕೆ ತಲೆನೋವು, ಮರುದಿನ ಉರಿಮೂತ್ರ. ನೀರು ಕುಡಿಯುವುದನ್ನು ಬಿಡಬೇಡಿ, ಜಾಗವನ್ನು ಮೊದಲೇ ಗುರುತು ಮಾಡಿಕೊಳ್ಳಿ.

ದುರ್ಗದಬೈಲ್, ಬ್ರಾಡ್‌ವೇ, ಜವಳಿ ಸಾಲಿನ ಇಕ್ಕಟ್ಟಿನಲ್ಲಿ ಒಮ್ಮೆ ಒಳಹೊಕ್ಕರೆ ಸರಿಯಾದ ಜಾಗ ಸಿಗುವುದು ಕಷ್ಟ. ಅದಕ್ಕೆ ಬಸ್ ನಿಲ್ದಾಣ ಅಥವಾ ರೈಲು ನಿಲ್ದಾಣದಲ್ಲೇ ಮುಗಿಸಿ ಹೊರಡಿ. ಊಟಕ್ಕೆ ಹೋಟೆಲ್ ಆರಿಸುವಾಗ ಕೂರುವ ಮೊದಲೇ "ಹೆಣ್ಮಕ್ಕಳಿಗೆ ಬಾತ್‌ರೂಮ್ ಐತೇನ್ರಿ" ಎಂದು ಕೇಳಿ. ಇಲ್ಲವೆಂದರೆ ಎದ್ದು ಮುಂದಿನದಕ್ಕೆ ಹೋಗಲು ಸಂಕೋಚ ಬೇಡ. ಗೋಕುಲ ರಸ್ತೆಯ ಮಾಲ್ ಇನ್ನೊಂದು ದಾರಿ. ಮಗಳು ದೊಡ್ಡವಳಾಗಿದ್ದರೆ ತಾರೀಖು ಹತ್ತಿರವಿಲ್ಲದಿದ್ದರೂ ಎರಡು ಪ್ಯಾಡ್, ಒಂದು ಕಾಗದದ ಚೀಲ, ಸಣ್ಣ ಸಾಬೂನು ಪರ್ಸಿನಲ್ಲಿರಲಿ.

ಯಾವ ದಿನ, ಯಾವ ತಿಂಗಳು ಚಲೋ?

ನವೆಂಬರಿನಿಂದ ಫೆಬ್ರವರಿ. ಮಾರ್ಚ್ ನಂತರ ಹೋಗುವುದಾದರೆ ಹೊರಗಿನ ತಿರುಗಾಟ ಹನ್ನೊಂದರೊಳಗೆ ಮುಗಿಯಬೇಕು. ಏಪ್ರಿಲ್-ಮೇನಲ್ಲಿ ನಾಲ್ಕರ ಮೇಲೆ ಅಡ್ಡಮಳೆ ಹೊಡೆಯುತ್ತದೆ, ಮಳೆಗಾಲದಲ್ಲಿ ಧಾರವಾಡದ ಜಿಟಿಜಿಟಿ ದಿನವಿಡೀ ಇರುತ್ತದೆ. ಆಗ ಕೊಡೆಗಿಂತ ಚಪ್ಪಲಿಯ ಹಿಡಿತ ಮುಖ್ಯ. ಶನಿವಾರ ನುಗ್ಗಿಕೇರಿ ಹನುಮಪ್ಪನಲ್ಲಿ, ಸೋಮವಾರ ಮತ್ತು ಅಮಾವಾಸ್ಯೆಗೆ ಸಿದ್ಧಾರೂಢ ಮಠದಲ್ಲಿ ಜನ ಹೆಚ್ಚು. ದೇವರೇ ಮುಖ್ಯವಾದರೆ ಆ ದಿನವೇ ಹೋಗಿ, ಇಲ್ಲವಾದರೆ ಬೇರೆ ದಿನ.

ಯಾರ ಜೊತೆ, ಎಂಥ ದಿನ

ಮಗಳಿಗೆ ಏಳು ವರ್ಷ. ಅರ್ಧ ತಾಸಿಗೇ "ಮನಿಗೆ ಹೋಗೂಣು" ಅಂತಾಳ. ಏನ್ ಮಾಡ್ಲಿ?

ಅವಳ ಜಾಗ ಮೊದಲು, ನಿಮ್ಮ ಅಂಗಡಿ ಆಮೇಲೆ. ಸಣ್ಣ ಮಕ್ಕಳು ಬೆಳಿಗ್ಗೆ ಗೆಲುವಾಗಿರುತ್ತಾರೆ, ಆ ಹೊತ್ತನ್ನು ಸೀರೆ ಅಂಗಡಿಯ ಗಾದಿಯ ಮೇಲೆ ಕಳೆದರೆ ಉಳಿದ ದಿನ ಅಳುವೇ. ಹುಬ್ಬಳ್ಳಿಯಲ್ಲಿ ಇಂದಿರಾ ಗಾಜಿನ ಮನೆ, ಧಾರವಾಡದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಆವರಣದಲ್ಲಿರುವ ಪ್ರಾದೇಶಿಕ ವಿಜ್ಞಾನ ಕೇಂದ್ರ ಈ ವಯಸ್ಸಿಗೆ ಚೆನ್ನಾಗಿ ಹೊಂದುತ್ತವೆ. ವಿಜ್ಞಾನ ಕೇಂದ್ರದಲ್ಲಿ ಮುಟ್ಟಿ, ತಿರುಗಿಸಿ ನೋಡುವಂಥವು ಬಹಳ. ಎರಡು ತಾಸು ಬೇಕು, ಅವಸರ ಮಾಡಬೇಡಿ.

ಹೊರಡುವ ಮುಂಚೆ ನಿಮ್ಮ ಮೊಬೈಲ್ ನಂಬರನ್ನು ಚೀಟಿಯಲ್ಲಿ ಬರೆದು ಅವಳ ಕಿಸೆಯಲ್ಲಿಡಿ. "ನಾ ಕಾಣಲಿಲ್ಲಂದ್ರ ನೀ ಎಲ್ಲಿದ್ದಿ ಅಲ್ಲೇ ನಿಂದರು, ನಾನ ಬರ್ತೇನಿ" ಎಂದು ಎರಡು ಸಲ ಹೇಳಿಸಿ. ಇಬ್ಬರೂ ಹುಡುಕುತ್ತ ಓಡಿದರೆ ಸಿಗುವುದು ತಡ. ಸಿಗದಿದ್ದರೆ ಕಾಯದೆ 112ಕ್ಕೆ ಫೋನ್ ಮಾಡಿ. ಮಕ್ಕಳ ಸಹಾಯವಾಣಿ 1098.

ಅವ್ವಗ ಮೊಣಕಾಲ ನೋವು. ಕರ್ಕೊಂಡ ಹೋಗ್ಬೇಕಂತ ಆಸೆ, ಅಂಜಿಕಿನೂ ಐತಿ.

ಕರೆದುಕೊಂಡು ಹೋಗಿ. ನಡಿಗೆ, ಮೆಟ್ಟಿಲು, ನಿಲ್ಲುವುದು, ಈ ಮೂರರಲ್ಲಿ ಹೆಚ್ಚು ನೋಯಿಸುವುದು ನಿಲ್ಲುವುದು ಮತ್ತು ಇಳಿಯುವ ಮೆಟ್ಟಿಲು. ಚಿಗರಿ ನಿಲ್ದಾಣದ ಕಟ್ಟೆ ಬಸ್ಸಿನ ನೆಲದ ಮಟ್ಟಕ್ಕೇ ಇರುವುದರಿಂದ ಹತ್ತುವಾಗ ಕಾಲೆತ್ತುವ ಕಷ್ಟವಿಲ್ಲ. ಕಷ್ಟವಿರುವುದು ನಿಲ್ದಾಣ ತಲುಪಲು ರಸ್ತೆ ದಾಟುವಲ್ಲಿ, ಅಲ್ಲಿ ಸಿಗ್ನಲ್ ಬೀಳುವ ತನಕ ಕಾಯಿರಿ.

ಗದಗಿನ ಕಡೆಯಿಂದ ರೈಲಿನಲ್ಲಿ ಬರುವವರು ಒಂದು ಲೆಕ್ಕ ಹಾಕಿಕೊಳ್ಳಬೇಕು. ಹುಬ್ಬಳ್ಳಿ ನಿಲ್ದಾಣದ ಅತಿ ಉದ್ದದ ಪ್ಲಾಟ್‌ಫಾರ್ಮ್ 1507 ಮೀಟರ್, 2023ರಲ್ಲಿ ಉದ್ಘಾಟನೆಯಾದಾಗಿನಿಂದ ಜಗತ್ತಿನಲ್ಲೇ ಉದ್ದದ್ದೆಂದು ಹೆಸರಾಗಿದೆ. ಹೆಮ್ಮೆಯ ಮಾತೇ, ಆದರೆ ತುದಿಯ ಬೋಗಿಯಲ್ಲಿ ಕೂತರೆ ಆ ಹೆಮ್ಮೆಯನ್ನು ಅವ್ವನ ಮೊಣಕಾಲು ಹೊರಬೇಕಾಗುತ್ತದೆ. ನಡುವಿನ ಬೋಗಿ ಹತ್ತಿ.

ಬಟ್ಟೆ ಅಂಗಡಿಗೆ ಹೋದ ಕೂಡಲೇ ಕುರ್ಚಿ ಕೇಳಿ. ಗಾದಿಯ ಮೇಲೆ ಕೂತರೆ ಏಳುವಾಗಲೇ ನೋವು. ಒಂದು ತಾಸು ತಿರುಗಾಟ, ಇಪ್ಪತ್ತು ನಿಮಿಷ ಕೂರುವುದು ಎಂದು ಮೊದಲೇ ಇಟ್ಟುಕೊಂಡರೆ ಆಕೆ ಬಾಯಿಬಿಟ್ಟು ಕೇಳುವ ಪ್ರಸಂಗ ಬರುವುದಿಲ್ಲ. ಸಿದ್ಧಾರೂಢ ಮಠದ ಆವರಣದಲ್ಲಿ ಎಷ್ಟು ಹೊತ್ತು ಕೂತರೂ ಏಳಿ ಎನ್ನುವವರಿಲ್ಲ, ಮಧ್ಯಾಹ್ನ ದಾಸೋಹವೂ ಇದೆ. ನೃಪತುಂಗ ಬೆಟ್ಟಕ್ಕೆ ಹೋಗುವುದಾದರೆ ಮೇಲಿನ ತನಕ ಆಟೋ ಮಾಡಿ.

ಕಾಲೇಜು ಓದೋ ಮಗಳಿಗೂ ನನಗೂ ಒಂದೇ ಜಾಗ ಹಿಡಿಸೋದಿಲ್ಲ.

ಅರ್ಧ ದಿನ ಅವಳು ಕರೆದಲ್ಲಿ ನೀವು, ಇನ್ನರ್ಧ ದಿನ ನೀವು ಕರೆದಲ್ಲಿ ಅವಳು. ನಡುವಿನ ಊಟ ಇಬ್ಬರದೂ. ಅವಳ ಜಾಗದಲ್ಲಿ ಬೆಲೆಯ ಬಗ್ಗೆ ನೀವು ಮಾತಾಡಬಾರದು, ನಿಮ್ಮ ಜಾಗದಲ್ಲಿ ಅವಳ ಮೊಬೈಲ್ ಪರ್ಸಿನಲ್ಲಿರಬೇಕು. ಧಾರವಾಡದಲ್ಲಿ ಇಬ್ಬರಿಗೂ ಹಿಡಿಸುವ ಜಾಗ ಸಾಧನಕೇರಿ. ವರಕವಿ ಬೇಂದ್ರೆಯವರ ಮನೆ, ಬೇಂದ್ರೆ ಭವನ, ಎದುರಿಗೇ ಕೆರೆ ಮತ್ತು ಉದ್ಯಾನ, ಎಲ್ಲ ಹತ್ತು ಹೆಜ್ಜೆಯಲ್ಲಿ. ಅಲ್ಲಿಂದ ಸುಭಾಸ ರಸ್ತೆಗೆ ಬಂದರೆ ಪುಸ್ತಕದ ಅಂಗಡಿಗಳು. ಒಬ್ಬರಿಗೊಬ್ಬರು ಒಂದೊಂದು ಪುಸ್ತಕ ಆರಿಸಿ ಕೊಡುವುದು ಒಳ್ಳೆಯ ಉಡುಗೊರೆ, ಹೊರಲೂ ಹಗುರ.

ಬಾಯಿರುಚಿ

ಖಾನಾವಳಿ ಊಟಕ್ಕ ಎಷ್ಟ ಹೊತ್ತಿಗೆ ಹೋಗ್ಬೇಕು? ಹುಡುಗಿಗೆ ಖಾರ ಆಗೂದಿಲ್ಲ.

ಹನ್ನೆರಡೂವರೆಗೆ. ಒಂದೂವರೆಯಿಂದ ಎರಡೂವರೆ ಆಫೀಸಿನವರ ಹೊತ್ತು, ಆಗ ರೊಟ್ಟಿ ತಟ್ಟುವವರ ಕೈಗಿಂತ ಉಣ್ಣುವವರ ಕೈ ಮುಂದೆ ಓಡುತ್ತದೆ. "ಬಿಸಿ ರೊಟ್ಟಿನೋ ಕಡಕ್ ರೊಟ್ಟಿನೋ" ಎಂದು ಕೇಳುತ್ತಾರೆ. ಹಲ್ಲು ಗಟ್ಟಿಯಿಲ್ಲದ ಅವ್ವನಿಗೆ, ಸಣ್ಣ ಮಕ್ಕಳಿಗೆ ಬಿಸಿಯದೇ ಹೇಳಿ.

ಎಲೆಯಲ್ಲಿ ಖಾರ ಇರುವುದು ಎಣ್ಣೆಗಾಯಿ ಮತ್ತು ಕೆಂಪು ಖಾರದಲ್ಲಿ. ಕೆಂಪು ಬಣ್ಣ ನೋಡಿ ಅಂಜಬೇಡಿ, ಬ್ಯಾಡಗಿ ಮೆಣಸಿನಕಾಯಿ ಬಣ್ಣ ಕೊಡುವಷ್ಟು ಖಾರ ಕೊಡುವುದಿಲ್ಲ. ಮೋಸ ಮಾಡುವುದು ಹಸಿಮೆಣಸಿನಕಾಯಿ ಹಾಕಿದ ಝುಣಕ. ಮಗುವಿಗೆ ಮೊಸರು, ಶೇಂಗಾ ಹಿಂಡಿ, ಕಾಳಿನ ಪಲ್ಯ ಸಾಕು. ಬಾಯಿ ಉರಿದರೆ ನೀರು ಕುಡಿಸಬೇಡಿ. ಮೆಣಸಿನಕಾಯಿಯ ಖಾರ ನೀರಿನಲ್ಲಿ ಕರಗುವುದಿಲ್ಲ, ನೀರು ಅದನ್ನು ಬಾಯಿತುಂಬ ಹರಡುತ್ತದೆ. ಒಂದು ಚಮಚ ಗಟ್ಟಿ ಮೊಸರನ್ನು ನಾಲಿಗೆಯ ಮೇಲೆ ಅರ್ಧ ನಿಮಿಷ ಇಟ್ಟರೆ ಉರಿ ಇಳಿಯುತ್ತದೆ.

ಗಿರಮಿಟ್ ಪಾರ್ಸಲ್ ತಗೊಂಡ ಮನಿಗೆ ಒಯ್ದ್ರ ಮೆತ್ತಗ ಆಗ್ತೈತಿ, ಯಾಕ?

ಗಿರಮಿಟ್ ಪಾರ್ಸಲ್ ಮಾಡುವ ತಿಂಡಿಯೇ ಅಲ್ಲ. ಉಳ್ಳಾಗಡ್ಡಿ, ಹುಣಸೆ, ಬೆಲ್ಲದ ಗೊಜ್ಜಿಗೆ ಚುರಮುರಿ ಹಾಕಿ, ಮೇಲೆ ಪುಠಾಣಿ ಹಿಟ್ಟು ಉದುರಿಸಿ ಕಲಸುತ್ತಾರೆ. ಹಿಟ್ಟು ಗೊಜ್ಜಿನ ನೀರನ್ನು ಹೀರಿ ಚುರಮುರಿಗೆ ಅಂಟಿಕೊಳ್ಳುತ್ತದೆ. ಐದು ನಿಮಿಷ ಗರಿಗರಿ, ಆಮೇಲೆ ಮುದ್ದೆ. ದುರ್ಗದಬೈಲ್‌ನಲ್ಲಿ ಸಂಜೆ ಐದರ ಮೇಲೆ ಗಾಡಿಯ ಮುಂದೆ ನಿಂತು, ಆಗಷ್ಟೇ ಎಣ್ಣೆಯಿಂದ ತೆಗೆದ ಮಿರ್ಚಿ ಕಚ್ಚಿಕೊಂಡು ತಿನ್ನಿ. ಮನೆಯವರಿಗೆ ಒಯ್ಯಲೇಬೇಕಾದರೆ ಗೊಜ್ಜು, ಚುರಮುರಿ, ಹಿಟ್ಟು ಮೂರನ್ನೂ ಬೇರೆ ಬೇರೆ ಕಟ್ಟಿಸಿ.

ಪೇಡೆ ಯಾವಾಗ ತಗೋಬೇಕು, ಎಷ್ಟ ದಿನ ಇರ್ತಾವ?

ಧಾರವಾಡದಲ್ಲಿದ್ದರೆ ಹೊರಡುವ ಮುಂಚೆ, ಆದರೆ ತೀರ ಕೊನೆಗಳಿಗೆಯಲ್ಲಿ ಅಲ್ಲ. ಲೈನ್ ಬಜಾರಿನ ಕಡೆ ಹಳೇ ಅಂಗಡಿಗಳಲ್ಲಿ ಆ ಹೊತ್ತಿನ ಮಾಲು ತೀರಿದರೆ ಮುಗಿಯಿತು. ಸಕ್ಕರೆ ಹಾಕಿ ಖೋವಾವನ್ನು ಬಹಳ ಹೊತ್ತು ಹುರಿದು ನೀರಿನಂಶ ತೆಗೆಯುವುದರಿಂದಲೇ ಪೇಡೆಗೆ ಆ ಕಂದು ಬಣ್ಣ, ಆ ಬಾಳಿಕೆ. ತಂಪು ದಿನಗಳಲ್ಲಿ ಒಂದು ವಾರ ಹೊರಗಿಟ್ಟರೂ ಕೆಡುವುದಿಲ್ಲ, ಬೇಸಿಗೆಯಲ್ಲಿ ನಾಲ್ಕೈದು ದಿನದಲ್ಲಿ ಮುಗಿಸಿ. ಡಬ್ಬಿ ಬೆಚ್ಚಗಿದ್ದರೆ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಕಟ್ಟಬೇಡಿ, ಬೆವತು ಬೂಸು ಹಿಡಿಯುತ್ತದೆ.

ಸೀರೆ, ಖಣ, ಕಸೂತಿ

ಇಳಕಲ್ ಸೀರಿ ಕೈಮಗ್ಗದ್ದೋ ಮಷೀನಿಂದೋ, ಹೆಂಗ ಗುರುತಿಸೂದು?

ಸೆರಗು ಬಿಚ್ಚಿಸಿ. ಅಂಗಡಿಯವರು ಮೈಯ ಬಣ್ಣ, ದಡಿ ತೋರಿಸುತ್ತಾರೆ. ನೀವು ನೋಡಬೇಕಾದದ್ದು ಮೈ ಮುಗಿದು ಸೆರಗು ಶುರುವಾಗುವ ಗೆರೆ. ಸಾಂಪ್ರದಾಯಿಕ ಕೈಮಗ್ಗದ ಇಳಕಲ್ಲಿನಲ್ಲಿ ಮೈಯ ಹಾಸು (ಉದ್ದಕ್ಕೆ ಹೋಗುವ ಎಳೆಗಳು) ಬೇರೆ, ಸೆರಗಿನ ಹಾಸು ಬೇರೆ. ಎರಡರ ಎಳೆಗಳನ್ನೂ ಒಂದಕ್ಕೊಂದು ಕುಣಿಕೆಯಂತೆ ಸೇರಿಸುತ್ತಾರೆ, ಇದಕ್ಕೆ ಕೊಂಡಿ ಎನ್ನುತ್ತಾರೆ. ಸೀರೆಯನ್ನು ತಿರುಗಿಸಿ ಆ ಗೆರೆಯ ಮೇಲೆ ಬೆರಳಾಡಿಸಿದರೆ ಸಣ್ಣಗೆ ಉಬ್ಬು ತಾಗುತ್ತದೆ.

ಇನ್ನೊಂದು ಗುರುತು ಸೆರಗಿನ ತುದಿಯ ಬಿಡಿ ಎಳೆಗಳು. ಕೊಂಡಿ ಹಾಕಿದ ಸೀರೆಯಲ್ಲಿ ಕೆಂಪು ಸೆರಗಿನ ಹಾಸೂ ಕೆಂಪೇ, ಹಾಗಾಗಿ ತುದಿಯ ಎಳೆಗಳೂ ಕೆಂಪು. ಹಸಿರು ಸೀರೆಯ ಕೆಂಪು ಸೆರಗಿನ ತುದಿಯಲ್ಲಿ ಹಸಿರು ಎಳೆ ಕಂಡರೆ ಹಾಸು ಒಂದೇ, ಕೊಂಡಿ ಇಲ್ಲ. ಅಂಥ ಸೀರೆ ಉಡಬಾರದು ಎಂದಲ್ಲ, ಕೊಂಡಿ ಸೀರೆಯ ಬೆಲೆ ಕೊಡಬಾರದು ಅಷ್ಟೇ.

ನೂಲು, ಚಮಕಾ (ಕೃತಕ ರೇಷ್ಮೆ), ರೇಷ್ಮೆ, ಈ ಮೂರರಲ್ಲಿ ಯಾವುದು ಎಂದು ಬಾಯಿಬಿಟ್ಟು ಕೇಳಿ ಬಿಲ್ಲಿನಲ್ಲಿ ಬರೆಸಿ. ದಿನಬಳಕೆಗೆ ನೂಲಿನದು ತಂಪು. ಮೊದಲ ಒಗೆತ ತಣ್ಣೀರಿನಲ್ಲಿ, ಒಂದೇ ಸೀರೆ, ನೆನೆಯಿಡದೆ. ನೆನೆಯಿಟ್ಟರೆ ಕೆಂಪು ಬಿಟ್ಟು ಸೆರಗಿನ ಬಿಳಿ ತೋಪ ತೆನೆ ಚಿತ್ತಾರ ಗುಲಾಬಿಯಾಗುತ್ತದೆ. ಫಾಲ್-ಪಿಕೋಗೆ ಊಟಕ್ಕಿಂತ ಮುಂಚೆ ಕೊಟ್ಟರೆ ಸಂಜೆ ಕೈಗೆ ಸಿಗುತ್ತದೆ. ಎಷ್ಟು ಗಂಟೆಗೆ ಎಂಬುದನ್ನು ಚೀಟಿಯ ಮೇಲೆ ಬರೆಸಿಕೊಳ್ಳಿ.

ಒಂದ ಖಣದಾಗ ನನಗೂ ಮಗಳಿಗೂ ಎರಡು ಕುಬಸ ಆಗ್ತಾವಾ?

ಸಾಮಾನ್ಯವಾಗಿ ಆಗುವುದಿಲ್ಲ. ಗುಳೇದಗುಡ್ಡದ ಖಣದ ಅಗಲ ಕಡಿಮೆ, ಉದ್ದದಲ್ಲಿ ಸರಿ ಎನಿಸಿದರೂ ತೋಳಿಗೆ ಸಾಲುವುದಿಲ್ಲ. ದರ್ಜಿಯ ಹತ್ತಿರ ಮೊದಲೇ ಕೇಳಿ ಅಳತೆ ಬರೆದುಕೊಂಡು ಬನ್ನಿ, ಅಂಗಡಿಯಲ್ಲಿ ಅಗಲ ಅಳೆಸಿಯೇ ಕತ್ತರಿಸಲು ಹೇಳಿ.

ಕೈ ಕಸೂತಿ ಅಂತ ಹೇಳಿ ಮಷೀನಿಂದ ಕೊಡ್ತಾರೇನೋ ಅಂತ ಅನುಮಾನ.

ಹಿಂಬದಿ ನೋಡಿ. ಕೈ ಕಸೂತಿಯ ಗವಂತಿ ಮತ್ತು ಮುರ್ಗಿ ಹೊಲಿಗೆ ಎರಡೂ ಬದಿ ಒಂದೇ ತರಹ ಕಾಣುತ್ತವೆ, ಗಂಟು ಇರುವುದಿಲ್ಲ. ಮಷೀನಿನ ಕೆಲಸದ ಹಿಂಬದಿಯಲ್ಲಿ ಬಾಬಿನ್ನಿನ ದಾರ ಬೇರೆಯಾಗಿ, ಬಹಳ ಸಲ ಬಿಳಿಯಾಗಿ ಕಾಣುತ್ತದೆ. ಗೋಪುರ, ತೇರು, ತುಳಸಿಕಟ್ಟೆ, ಆನೆಯ ಚಿತ್ರಗಳಲ್ಲಿ ಒಂದೇ ಬಗೆಯ ಎರಡನ್ನು ಹೋಲಿಸಿ. ಕೈಯದಾದರೆ ಒಂದೆರಡು ಎಳೆಯ ವ್ಯತ್ಯಾಸ ಎಲ್ಲಾದರೂ ಇರುತ್ತದೆ.

ಇನ್ನೂ ಸ್ವಲ್ಪ ಮುಂದೆ

ನಾವು ಗದಗಿನವರು, ನಮ್ಮ ಅಕ್ಕ ಹಾವೇರ್ಯಾಕಿ. ಹುಬ್ಬಳ್ಳಿಗೇ ಬರಬೇಕಾ?

ಇಲ್ಲ. ಗದಗಿನವರಿಗೆ ವೀರನಾರಾಯಣ, ತ್ರಿಕೂಟೇಶ್ವರ ಎರಡೂ ಊರಲ್ಲೇ ಇವೆ. ಹನ್ನೆರಡು ಕಿ.ಮೀ. ದೂರದ ಲಕ್ಕುಂಡಿ ಪೂರ್ತಿ ದಿನಕ್ಕೆ ತಕ್ಕ ಜಾಗ. ಅಲ್ಲಿಯ ಬ್ರಹ್ಮ ಜಿನಾಲಯ ಕಟ್ಟಿಸಿದ್ದು ದಾನಚಿಂತಾಮಣಿ ಅತ್ತಿಮಬ್ಬೆ, ಸಾವಿರ ವರ್ಷದ ಹಿಂದೆ ಒಬ್ಬ ಹೆಣ್ಣುಮಗಳು. ಮಗಳಿಗೆ ಇದನ್ನು ಹೇಳಿಯೇ ಒಳಗೆ ಕರೆದೊಯ್ಯಿರಿ. ಕಲ್ಯಾಣಿಗಳ ಮೆಟ್ಟಿಲು ಕಡಿದಾಗಿವೆ, ಮಳೆಗಾಲದಲ್ಲಿ ಜಾರುತ್ತವೆ. ಉಣ್ಣುವುದಕ್ಕೆ ಬುತ್ತಿ ಕಟ್ಟಿಕೊಳ್ಳುವುದೇ ಮೇಲು. ಹಾವೇರಿಯ ಅಕ್ಕನವರಿಗೆ ಪೇಟೆಯಲ್ಲಿ ಏಲಕ್ಕಿ ಹಾರ, ಸಿದ್ಧೇಶ್ವರ ಗುಡಿ. ಮಕ್ಕಳಿದ್ದರೆ ಶಿಗ್ಗಾಂವಿ ತಾಲೂಕಿನ ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್.

ಸಂಜಿ ಸಂಗೀತ ಕಚೇರಿ ಕೇಳಿ ಹೋಗೂಣ ಅಂದ್ರ ಹೆಂಗ ಹೊಂದಿಸೂದು?

ಈ ಊರುಗಳಲ್ಲಿ ಸಂಗೀತ ತಾಯಿಯಿಂದ ಮಗಳಿಗೆ ಬಂದದ್ದೂ ಉಂಟು. ಗಂಗೂಬಾಯಿ ಹಾನಗಲ್ ಅವರಿಗೆ ತಾಯಿ ಅಂಬಾಬಾಯಿಯೇ ಮೊದಲ ಗುರು, ಮಗಳು ಕೃಷ್ಣಾ ವೇದಿಕೆಯ ಮೇಲೆ ಅವರ ಜೊತೆ ಹಾಡುತ್ತಿದ್ದರು. ಹುಬ್ಬಳ್ಳಿಯ ಸವಾಯಿ ಗಂಧರ್ವ ಸಭಾಭವನ, ಧಾರವಾಡದ ಸೃಜನಾ ರಂಗಮಂದಿರ, ಕರ್ನಾಟಕ ವಿದ್ಯಾವರ್ಧಕ ಸಂಘದಲ್ಲಿ ಕಾರ್ಯಕ್ರಮಗಳು ನಡೆಯುತ್ತಿರುತ್ತವೆ. ಬೆಳಗಿನ ಪತ್ರಿಕೆಯ "ಇಂದಿನ ಕಾರ್ಯಕ್ರಮ" ನೋಡಿ. ಆ ದಿನ ಬೆಳಿಗ್ಗೆ ಹೊರಡದೆ ಮಧ್ಯಾಹ್ನ ಎರಡಕ್ಕೆ ಹೊರಡಿ, ಇಲ್ಲವಾದರೆ ದೊಡ್ಡ ರಾಗ ಶುರುವಾಗುವ ಹೊತ್ತಿಗೆ ಇಬ್ಬರೂ ತೂಕಡಿಸುತ್ತೀರಿ. ಕೊನೆಯ ಬಸ್ಸಿನ ಹೊತ್ತು ಇಳಿದ ಕೂಡಲೇ ಕೇಳಿಟ್ಟುಕೊಳ್ಳಿ. ಅದರ ಹಿಂದಿನ ಬಸ್ಸೇ ನಿಮ್ಮದು ಎಂದುಕೊಳ್ಳಿ.

ತಿರುಗಾಡೂದಕ್ಕಿಂತ ಇಬ್ಬರೂ ಕೂಡಿ ಕಸೂತಿ ಶುರು ಮಾಡೂಣ ಅಂತೇವಿ. ಪ್ಯಾಟ್ಯಾಗ ಏನೇನ್ ತರಬೇಕು?

ಮ್ಯಾಟಿ ಬಟ್ಟೆ ಅರ್ಧ ಮೀಟರ್. ಅದರ ಎಳೆಗಳು ದಪ್ಪ, ಎಣಿಸಲು ಸುಲಭ. ಎರಡು ಬಣ್ಣದ ದಾರ, ಮೊಂಡ ತುದಿಯ ಎರಡು ಸೂಜಿ. ಚೂಪು ಸೂಜಿ ಎಳೆಯ ನಡುವೆ ಹೋಗುವ ಬದಲು ಎಳೆಯನ್ನೇ ಸೀಳುತ್ತದೆ. ಚೌಕುಳಿ ಹಾಳೆಯ ಒಂದು ವಹಿ. ಇಷ್ಟು ಸಾಕು, ಮೊದಲ ದಿನವೇ ರೇಷ್ಮೆಗೆ ಕೈ ಹಾಕಬೇಡಿ.

ಗವಂತಿಯಿಂದ ಶುರು ಮಾಡಿ. ದಾರ ಒಂದು ಮೊಳಕ್ಕಿಂತ ಉದ್ದ ಬೇಡ, ಸಿಕ್ಕಾಗುತ್ತದೆ. ಗಂಟು ಹಾಕದೆ ಎರಡು ಬೆರಳಷ್ಟು ತುದಿ ಬಿಟ್ಟು, ನಾಲ್ಕು ಎಳೆ ಮೇಲೆ, ನಾಲ್ಕು ಎಳೆ ಕೆಳಗೆ ಎಂದು ಎಣಿಸುತ್ತ ಗೆರೆಯ ಕೊನೆ ತನಕ ಹೋಗಿ. ಅದೇ ತೂತುಗಳಲ್ಲಿ ಮರಳಿ ಬರುತ್ತ ಖಾಲಿ ಬಿಟ್ಟ ಕಡೆ ತುಂಬಿ. ಮರಳಿ ಬರುವಾಗ ತೂತು ಕೂಡದಿದ್ದರೆ ಹೋಗುವಾಗ ಒಂದು ಎಳೆ ತಪ್ಪಿದೆ ಎಂದೇ ಅರ್ಥ. ಮುಂದೆ ಸರಿಮಾಡಿಕೊಳ್ಳಲು ನೋಡಬೇಡಿ, ತಪ್ಪಿದಲ್ಲಿಗೆ ಬಿಚ್ಚಿ. ಒಬ್ಬರು ಎಣಿಕೆ ಹೇಳಿ ಇನ್ನೊಬ್ಬರು ಸೂಜಿ ಹಿಡಿದರೆ ತಪ್ಪು ಕಡಿಮೆ, ಅವ್ವನ ಕಣ್ಣಿಗೂ ಆಯಾಸವಿಲ್ಲ.

ಗವಂತಿಯ ಗೆರೆ ನೇರ ಬಂದ ಮೇಲೆ ಅದನ್ನೇ ಮೆಟ್ಟಿಲಿನಂತೆ ಹತ್ತಿಸಿದರೆ ಮುರ್ಗಿ. ಆಮೇಲೆ ನೇಯ್ಗಿ, ಕೊನೆಗೆ ಮೆಂತೆ. ಒಂದು ತುಳಸಿಕಟ್ಟೆ ಮುಗಿದ ಮೇಲೆ ಬಿಟ್ಟ ತುದಿಯನ್ನು ಹಿಂಬದಿಯ ಹೊಲಿಗೆಯೊಳಗೆ ನುಸುಳಿಸಿ ಕತ್ತರಿಸಿ, ಬಟ್ಟೆಯನ್ನು ಬೆಳಕಿಗೆ ಹಿಡಿದು ಎರಡೂ ಬದಿ ನೋಡಿ. ಯಾವುದು ಮುಂದು, ಯಾವುದು ಹಿಂದು ಎಂದು ತಿಳಿಯದಿದ್ದರೆ ಆಗ ಖಣಕ್ಕೋ ಸೀರೆಯ ಅಂಚಿಗೋ ಕೈ ಹಾಕಬಹುದು.